ಸೀಮೆಸುಣ್ಣ ಹಿಡಿದ ಕೈ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಬಲಗೈಯ ತೋರುಬೆರಳು. ಅದು ಇಂದು ಪೂರ್ತಿಯಾಗಿ ಮಡಚುವುದಿಲ್ಲ. ಸಂಭ್ರಮದ ಸಂಚಿಕೆಯಲ್ಲಿ ರೋಗದ ಕಥೆ ಹೇಳುತ್ತಿರುವುದಕ್ಕೆ ಓದುಗರು ಮನ್ನಿಸಬೇಕು.

1984ರಲ್ಲಿ ನಾನು ಇಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿದೆ. ಐದು ವರ್ಷಗಳ ತರುವಾಯ ಮೊಣಕೈ ಮೊಣಕಾಲುಗಳಲ್ಲಿ ಕೆಂಪು ಮಚ್ಚೆಗಳೆದ್ದು, ಅವುಗಳಿಂದ ಬೆಳ್ಳನೆಯ ಹೊಟ್ಟು ಉದುರತೊಡಗಿತು. ಸೋರಿಯಾಸಿಸ್ ಎಂದು ವೈದ್ಯರು ಹೇಳಿ ಮುಲಾಮು ಕೊಟ್ಟರು. ಅದು ಅಂಟುರೋಗವಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರು. ಊರಿಗೆ ಅದು ತಿಳಿಯಬೇಕಲ್ಲ! ಶಾರದಾ ಪೂಜೆಯ ದಿನ ನಾನು ಪ್ರಸಾದ ಹಂಚುತ್ತಿದ್ದಾಗ ತಾಯಿಯೊಬ್ಬರು ಮಗುವಿನ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡರು. ಅಂದಿನಿಂದ ಮಾರ್ಚಿನ ಸೆಕೆಯಲ್ಲಿಯೂ ನನ್ನದು ಉದ್ದ ತೋಳಿನ ಅಂಗಿ.

1998ರ ಮಳೆಗಾಲದಲ್ಲಿ ತೋರುಬೆರಳು ಬುಡದಿಂದ ತುದಿಯವರೆಗೆ ಊದಿಕೊಂಡಿತು. ಬೆಳಗ್ಗೆ ಎದ್ದರೆ ಒಂದು ತಾಸು ಬೆರಳುಗಳು ಮಡಚುತ್ತಿರಲಿಲ್ಲ. ಹಿಮ್ಮಡಿ ನೆಲಕ್ಕೆ ಊರಲಾಗುತ್ತಿರಲಿಲ್ಲ. ವಾಯುವೆಂದು ಬಗೆದು ಎಣ್ಣೆ ತಿಕ್ಕಿದೆ. ಮುಲಾಮು ಕೊಡುವ ವೈದ್ಯರಲ್ಲಿ ಗಂಟುನೋವಿನ ಮಾತೆತ್ತಬೇಕೆಂದು ನನಗೆ ಹೊಳೆಯಲಿಲ್ಲ. ಅವರೂ ಕೇಳಲಿಲ್ಲ. ಹೀಗೆ ಮೂರು ವರ್ಷಗಳು ಕಳೆದವು. ಕರಿಹಲಗೆಯ ಮೇಲಿನ ನನ್ನ ಅಕ್ಷರಗಳು ಕೆಟ್ಟುಹೋದವು. ಅದರ ಬಗ್ಗೆ ನನಗೆ ತುಸು ಹೆಮ್ಮೆಯಿತ್ತು.

ಒಂದು ದಿನ ಪುಸ್ತಕ ತಿದ್ದಿಸಿಕೊಳ್ಳಲು ಬಂದ ನಾಲ್ಕನೆಯ ತರಗತಿಯ ಹುಡುಗಿ, "ಮಾಷ್ಟ್ರೇ, ನಿಮ್ಮ ಉಗುರಿಗೆ ಯಾರು ಸೂಜಿ ಚುಚ್ಚಿದ್ದು?" ಎಂದು ಕೇಳಿದಳು. ನೋಡಿದರೆ ಹೌದು, ಉಗುರುಗಳ ತುಂಬ ಸಣ್ಣ ಸಣ್ಣ ಕುಳಿಗಳು. 2001ರಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಸಂಧಿರೋಗ ತಜ್ಞರನ್ನು ಕಂಡಾಗ ಅವರು ಮೊದಲು ನೋಡಿದ್ದೂ ಆ ಉಗುರುಗಳನ್ನೇ. ಚರ್ಮವನ್ನು ಕೆರಳಿಸಿದ ಉರಿಯೂತವೇ ಸಂಧಿಗಳಿಗೂ ಇಳಿದಿದೆ ಎಂದರು. ಸೋರಿಯಾಸಿಸ್ ಉಳ್ಳವರಲ್ಲಿ ನೂರಕ್ಕೆ ಸುಮಾರು 20ರಿಂದ 30 ಮಂದಿಗೆ ಹೀಗಾಗುವುದುಂಟಂತೆ; ಬಹುತೇಕ ಚರ್ಮದ ಮಚ್ಚೆ ಕಾಣಿಸಿಕೊಂಡು ಹಲವು ವರ್ಷಗಳಾದ ಮೇಲೆ. ವಾತದ ರಕ್ತಪರೀಕ್ಷೆಯಲ್ಲಿ ಇದು ಸಾಮಾನ್ಯವಾಗಿ ಸಿಕ್ಕಿಬೀಳದು. ವಾರಕ್ಕೊಮ್ಮೆ ಮಾತ್ರ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ, ಆಗಾಗ ರಕ್ತಪರೀಕ್ಷೆ. ಊತ ಇಳಿಯಿತು. ಅಷ್ಟರಲ್ಲಿ ಸವೆದುಹೋಗಿದ್ದ ಸಂಧಿ ಮಾತ್ರ ಮರಳಿ ಬರಲಿಲ್ಲ.

ಈ ಉರಿಯೂತ ಅಲ್ಲಿಗೂ ನಿಲ್ಲುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಇಂಥವರಲ್ಲಿ ಹೆಚ್ಚು. 2009ರಲ್ಲಿ ನನಗೂ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಬೇಗನೆ ತಿಳಿದದ್ದು ವರ್ಷಂಪ್ರತಿ ಪರೀಕ್ಷೆ ಮಾಡಿಸುತ್ತಿದ್ದುದರಿಂದ. ಇನ್ನೊಂದಿದೆ, ಮನಸ್ಸಿನ ಕುಗ್ಗುವಿಕೆ. ಶಾಲಾ ವಾರ್ಷಿಕೋತ್ಸವಕ್ಕೂ ಯಕ್ಷಗಾನದ ಬಯಲಿಗೂ ಹೋಗದೆ ನಾನು ಕೋಣೆಯಲ್ಲಿ ಕುಳಿತ ವರ್ಷಗಳಿವೆ. ಅದನ್ನು ಸ್ವಭಾವವೆಂದೇ ಎಲ್ಲರೂ ತಿಳಿದಿದ್ದರು, ನಾನೂ ಸಹ. ಅದೂ ಈ ರೋಗದೊಡನೆ ಬರುವುದೆಂದು, ಅದಕ್ಕೂ ಚಿಕಿತ್ಸೆಯಿದೆಯೆಂದು ತಿಳಿದದ್ದು ಬಹಳ ತಡವಾಗಿ. 2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ಸಿನ ಬಗ್ಗೆ ನಿರ್ಣಯ ಕೈಗೊಂಡು, ಈ ಜೊತೆರೋಗಗಳ ಅಪಾಯವನ್ನೂ ಅದರಲ್ಲಿ ಹೇಳಿತು. ನಾನು ನಿವೃತ್ತನಾದದ್ದೂ ಅದೇ ವರ್ಷ.

ಕಳೆದ ದೀಪಾವಳಿಗೆ ಹಳೆವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಉದ್ದ ತೋಳಿನ ಅಂಗಿ. ಮಾತಿನ ನಡುವೆ ಹಿಮ್ಮಡಿ ನೋವೆಂದ. "ಉಗುರು ತೋರಿಸು ಮಾರಾಯ" ಎಂದೆ. ಮರುವಾರವೇ ಇಬ್ಬರೂ ಮಂಗಳೂರಿನ ಬಸ್ಸು ಹತ್ತಿದೆವು.