ಅಪ್ಪನ ಹೆಬ್ಬೆರಳಿಗೊಂದು ಹಳೆಯ ರೀಲು

ಸೇಂಟ್ ಲೂಯಿಸ್, ಮಿಸ್ಸೌರಿ
ಮೇ ತಿಂಗಳ ಒಂದು ಭಾನುವಾರ



ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಉತ್ತರಕ್ಕೆ ತಡವಾಗಿದ್ದು ಸೋಮಾರಿತನದಿಂದಲ್ಲ, ನೀವು ಕಳಿಸಿದ ರೀಲಿನ ಫೋಟೊಗಳಿಂದ. ಅವನ್ನು ನೋಡಿದ ಮೇಲೆ ಮೀನು ಹಿಡಿಯುವ ನನ್ನ ಹಳೆಯ ರೀಲುಗಳ ಡಬ್ಬಿ ಅಟ್ಟದಿಂದ ಇಳಿಯಿತು, ಇಳಿದದ್ದು ಇನ್ನೂ ಮೇಲೆ ಹೋಗಿಲ್ಲ. ಮನೆಯವಳು ಊಟದ ಮೇಜಿನ ಅರ್ಧ ನನಗೆ ಬಿಟ್ಟುಕೊಟ್ಟಿದ್ದಾಳೆ.

ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದ ನಿಮ್ಮ ಅಪ್ಪನವರು ಮೂರನೇ ವಾರಕ್ಕೇ ಕಿಟಕಿಯ ಬಳಿ ಕೂತು ನಿಟ್ಟುಸಿರು ಬಿಡಲು ಶುರು ಮಾಡಿದರು ಎಂದು ಬರೆದಿದ್ದೀರಿ. ಆಮೇಲೊಂದು ಶನಿವಾರ ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ, ಒಂದಕ್ಷರ ಇಂಗ್ಲಿಷ್ ಆಡದೆ ಬೆರಳಲ್ಲೇ ಚೌಕಾಸಿ ಮಾಡಿ, ಎಂಟು ಡಾಲರಿಗೆ ಫೋಟೊದಲ್ಲಿರುವ ಈ ರೀಲನ್ನು ಕೊಂಡು ತಂದರಂತೆ. ‘ಇದನ್ನು ಸರಿಮಾಡಿ ಅವರ ಕೈಯಲ್ಲಿ ಒಂದು ಕ್ಯಾಟ್‌ಫಿಶ್ ಹಿಡಿಸಬಹುದೇ, ಇಲ್ಲಾ ಹೊಸದನ್ನೇ ಕೊಡಿಸಲೇ?’ ಎಂಬುದು ನಿಮ್ಮ ಪ್ರಶ್ನೆ. ಹೊಸದು ಕೊಡಿಸಬೇಡಿ. ಅವರು ನಿಮಗಿಂತ ಬುದ್ಧಿವಂತರು.

ಕಂದುಗೆಂಪು ಪಕ್ಕದ ತಟ್ಟೆ, ಅದರ ಮೇಲೆ ಪೆನ್ ಎಂಬ ಹೆಸರು, ಮುಂದೆ ದಾರವನ್ನು ಅತ್ತಿತ್ತ ಓಡಾಡಿಸಿ ಸಮನಾಗಿ ಸುತ್ತುವ ಲೆವೆಲ್ ವೈಂಡ್. ಇದು ಪೆನ್ 209. ಜರ್ಮನಿಯಿಂದ ವಲಸೆ ಬಂದ ಓಟ್ಟೊ ಹೆನ್ಜಿ ಎಂಬಾತ 1932ರಲ್ಲಿ, ದೊಡ್ಡ ಆರ್ಥಿಕ ಕುಸಿತದ ನಡುವೆ, ಫಿಲಡೆಲ್ಫಿಯಾದಲ್ಲಿ ಶುರು ಮಾಡಿದ ಕಂಪನಿ ಅದು. ಸಮುದ್ರದ ಮೀನಿಗೆಂದು ಮಾಡಿದ ಅವರ ರೀಲುಗಳು ಮಿಸ್ಸೌರಿ, ಮಿಸ್ಸಿಸಿಪ್ಪಿ, ಒಹಾಯೊ ನದಿಗಳ ಕ್ಯಾಟ್‌ಫಿಶ್‌ಗೂ ಒಗ್ಗಿಹೋದವು. ದಪ್ಪ ದಾರ, ಭಾರದ ಗುಂಡು, ಕೆಸರು, ಒರಟು ಕೈ ಎಲ್ಲವನ್ನೂ ತಾಳುವ ಯಂತ್ರ ಬೇಕಿತ್ತು, ಇದು ತಾಳಿತು.

ನಿಮ್ಮ ಮಗ ಬಳಸುವ ಹೊಸ ಸ್ಪಿನ್ನಿಂಗ್ ರೀಲಿನಲ್ಲಿ ದಾರ ಹೊರಗೆ ಹೋಗುವಾಗ ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ಸುಮ್ಮನೆ ನಿಂತಿರುತ್ತದೆ, ಸುರುಳಿ ಸುರುಳಿಯಾಗಿ ದಾರ ಮಾತ್ರ ಕಳಚಿಕೊಳ್ಳುತ್ತದೆ. ಇದರಲ್ಲಿ ಹಾಗಲ್ಲ, ದಾರದ ಜೊತೆ ಸ್ಪೂಲೇ ತಿರುಗುತ್ತದೆ. ಗುಂಡು ನೀರಿಗೆ ಬಿದ್ದು ನಿಂತರೂ ಸ್ಪೂಲ್ ತನ್ನ ಪಾಡಿಗೆ ತಿರುಗುತ್ತಿದ್ದರೆ ಹೆಣೆದ ಗೂಡಿನಂಥ ಸಿಕ್ಕು. ಅದನ್ನು ತಡೆಯುವುದಕ್ಕೆ ಒಳಗೆ ಅಯಸ್ಕಾಂತವಿಲ್ಲ, ಬೇರೆ ಉಪಾಯವೂ ಇಲ್ಲ. ಇರುವುದು ಹಿಡಿದವರ ಹೆಬ್ಬೆರಳು. ಮರದ ತುಂಡಿಗೆ ಸುತ್ತಿದ ದಾರವನ್ನು ಬರಿಗೈಯಲ್ಲಿ ಬಿಟ್ಟು, ಮೀನು ಎಳೆದಾಗ ಬೆರಳ ಸಂದಿಯಲ್ಲಿ ಬಿಗಿ ಹಿಡಿದು, ಜಗ್ಗಿದಾಗ ಸಡಿಲ ಬಿಟ್ಟು ಬೆಳೆದವರಿಗೆ ಇದು ಹೊಸ ವಿದ್ಯೆಯೇ ಅಲ್ಲ. ಈ ಹಳೆಯ ರೀಲು ಎಂದರೆ ಗಾಲಿ ಕಟ್ಟಿಕೊಂಡ ಕೈಗಾಳ. ತುಂಗೆಯಲ್ಲಿ ಬಾಳೆಮೀನು ಎಳೆದ ಕೈ ಅದನ್ನು ಅಂಗಡಿಯಲ್ಲದ ಅಂಗಡಿಯಲ್ಲಿ ಗುರುತು ಹಿಡಿಯಿತು, ಅಷ್ಟೇ.

ಈಗ ಕೆಲಸಕ್ಕೆ ಬರೋಣ. ಬಿಚ್ಚುವ ಮೊದಲು ಒಂದು ಅಗಲ ತಟ್ಟೆಯಲ್ಲಿ ಬಿಳಿ ಪಂಚೆಯ ತುಂಡು ಹಾಸಿ. ಪ್ರತಿ ಹೆಜ್ಜೆಗೂ ಫೋನಿನಲ್ಲಿ ಒಂದು ಚಿತ್ರ ತೆಗೆಯಿರಿ. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ತಿರುಪುಳಿಯನ್ನೇ ಬಳಸಿ. ಹಳೆಯ ಹಿತ್ತಾಳೆ ಸ್ಕ್ರೂ ಒಮ್ಮೆ ತಲೆ ಕೆಡಿಸಿಕೊಂಡರೆ ಮತ್ತೆ ದಾರಿಗೆ ಬರುವುದಿಲ್ಲ. ಹ್ಯಾಂಡಲ್ ಬದಿಯ ತಟ್ಟೆಯೊಳಗೆ ಪುಟ್ಟ ಸ್ಪ್ರಿಂಗುಗಳಿವೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹಾರುತ್ತವೆ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆಗೆ ಒತ್ತು ಕೊಡುವ ಸ್ಪ್ರಿಂಗ್ ಒಂದನ್ನು ನಾನು ಕಾರ್ಪೆಟ್ ಮೇಲೆ ಕಳೆದುಕೊಂಡು, ಮಂಡಿಯೂರಿ ಹುಡುಕಿ, ಬೈಸಿಕೊಂಡು, ಕೊನೆಗೆ ವ್ಯಾಕ್ಯೂಮ್ ಕ್ಲೀನರಿನ ಚೀಲದಲ್ಲಿ ಕಂಡುಕೊಂಡೆ. ಆ ಕೆಲಸ ನಿಮ್ಮ ಮಗನಿಗೆ ವಹಿಸಿ. ಎಳೆಯ ಕಣ್ಣು ಬೇಕು.

ಒಳಗಿನ ಹಳೆಯ ಗ್ರೀಸು ಹಲಸಿನ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಲೋಹದ ಗೇರುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಪಕ್ಕದ ತಟ್ಟೆಗಳಿಗೆ ಪಾತ್ರೆ ಸೋಪು, ಬೆಚ್ಚಗಿನ ನೀರು ಸಾಕು. ಬರಿ ಹಿತ್ತಾಳೆಯ ಭಾಗಗಳಿಗೆ ಹಿಡಿದ ಹಸಿರು ಕಿಲುಬು ಬಿಡಿಸಲು ಇಲ್ಲಿನವರು ವಿನೆಗರ್ ಬಳಸುತ್ತಾರೆ. ನಮಗೆ ಹುಣಸೆಹಣ್ಣು ಇದೆಯಲ್ಲ, ದೇವರ ದೀಪ ತಿಕ್ಕಿದ ಹಾಗೆ ತಿಕ್ಕಿ, ಚೆನ್ನಾಗಿ ತೊಳೆದು, ಒರೆಸಿ ಒಣಗಿಸಿ. ಕ್ರೋಮ್ ಹೊಳಪಿರುವ ಭಾಗಕ್ಕೆ ಮಾತ್ರ ಹುಳಿ ಹಚ್ಚಿ ಬಿಡಬೇಡಿ, ಪದರ ಏಳುತ್ತದೆ. ಲೆವೆಲ್ ವೈಂಡಿನ ತಿರುಚು ಸರಳಿನ ಗೀರುಗಳಲ್ಲಿ ಮರಳು ಕೂತಿರುತ್ತದೆ. ಹಲ್ಲುಕಡ್ಡಿಯಿಂದ ಸುತ್ತ ಬಿಡಿಸಿ.

ಗೇರಿಗೆ ಗ್ರೀಸು, ಸ್ಪೂಲಿನ ಎರಡು ತುದಿಗೆ ಎಣ್ಣೆ. ಇದನ್ನು ತಿರುವುಮುರುವು ಮಾಡಿದರೆ ಸ್ಪೂಲ್ ಉಬ್ಬಸದ ಮುದುಕನ ಹಾಗೆ ತಿರುಗುತ್ತದೆ. ತುದಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ, ಅಷ್ಟೇ. ತುಕ್ಕು ಬಿಡಿಸಲು ಸಿಂಪಡಿಸುವ ಡಬ್ಬಿಯ ದ್ರವವನ್ನು ಎಣ್ಣೆ ಎಂದುಕೊಂಡು ಬಳಸುವವರಿದ್ದಾರೆ. ಅದು ನಾಲ್ಕು ದಿನದಲ್ಲಿ ಆರಿಹೋಗುತ್ತದೆ. ಎಡಬದಿಯ ಗುಂಡಿಯನ್ನು ಪೂರ್ತಿ ಬಿಗಿಯದೆ, ಸ್ಪೂಲ್ ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗುವಂತೆ ಬಿಡಿ.

ಇನ್ನು ಡ್ರ್ಯಾಗ್. ಹಳೆಯ ರೀಲಿನ ಹಣೆಬರಹ ಇರುವುದೇ ಇಲ್ಲಿ. ಹ್ಯಾಂಡಲ್ ಕೆಳಗಿನ ನಕ್ಷತ್ರದಂಥ ತಿರುಪನ್ನು ಬಿಗಿದರೆ ದೊಡ್ಡ ಗೇರಿನೊಳಗೆ ಒಂದರ ಮೇಲೊಂದು ಕೂತ ವಾಷರುಗಳು, ಒಂದು ಲೋಹ ಒಂದು ನಾರು ಎಂಬಂತೆ, ಒತ್ತಿಕೊಳ್ಳುತ್ತವೆ. ಮೀನು ಆ ಒತ್ತಡ ಮೀರಿ ಎಳೆದಾಗ ಹ್ಯಾಂಡಲ್ ನಿಂತಲ್ಲೇ ನಿಂತು ಗೇರು ಜಾರಿ ದಾರ ಬಿಡಬೇಕು. ಮೂವತ್ತು ನಲವತ್ತು ವರ್ಷ ಬಿಗಿದೇ ಇಟ್ಟ ರೀಲಿನಲ್ಲಿ ಆ ನಾರಿನ ವಾಷರುಗಳು ಕಾವಲಿಗೆ ಹಿಡಿದ ದೋಸೆಯಂತೆ ಅಂಟಿರುತ್ತವೆ. ಕೈಯಿಂದ ಎಳೆದು ನೋಡಿದರೆ ಮೊದಲು ಜಪ್ಪಯ್ಯ ಅನ್ನುವುದಿಲ್ಲ, ಆಮೇಲೆ ಧಡಕ್ಕನೆ ಬಿಡುತ್ತದೆ. ಆ ಧಡಕ್ಕಿಗೇ ದಾರ ಹರಿಯುವುದು. ಮಿಸ್ಸಿಸಿಪ್ಪಿಯ ಆಲ್ಟನ್ ಅಣೆಕಟ್ಟಿನ ಕೆಳಗೆ ಒಂದು ಸಂಜೆ ಹೀಗೇ ಕಳೆದುಕೊಂಡಿದ್ದೇನೆ. ಮೀನು ಎಷ್ಟು ದೊಡ್ಡದಿತ್ತು ಎಂದು ಕೇಳಬೇಡಿ, ಪ್ರತಿ ವರ್ಷ ಅದು ಬೆಳೆಯುತ್ತಲೇ ಇದೆ. ರೀಲನ್ನು ಬೈದೆ. ತಪ್ಪು ನನ್ನದು, ಹೊರಗೆ ಹೊಳೆಯುವಂತೆ ಒರೆಸಿದವನು ಒಳಗೆ ತೆರೆದು ನೋಡಿರಲಿಲ್ಲ.

ಆದ್ದರಿಂದ ವಾಷರುಗಳನ್ನು ಬದಲಿಸಿ. ಪೆನ್ ಕಂಪನಿಯದೇ ಎಚ್‌ಟಿ-100 ಎಂಬ ಕಾರ್ಬನ್ ನಾರಿನ ವಾಷರುಗಳಿವೆ. ಹಳೆಯವು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ, ಡ್ರ್ಯಾಗಿಗೆಂದೇ ಬರುವ ಗ್ರೀಸನ್ನು ಬೆರಳಲ್ಲಿ ತೆಳ್ಳಗೆ ಸವರಿ ಕೂರಿಸಿ. ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗಲ್ಲ, ಸವರಿದೆವೋ ಇಲ್ಲವೋ ಎಂಬಂತೆ. ನನ್ನ ಕೇಳಿದರೆ ಇದೊಂದೇ ಈ ರೀಲಿಗೆ ಬೇಕಾದ ಹೊಸ ಸಾಮಾನು. ಹೊಳೆಯುವ ಹ್ಯಾಂಡಲ್, ಕಂಪ್ಯೂಟರಿನಲ್ಲಿ ಕಡೆದ ಚೌಕಟ್ಟು ಎಂದು ಹಚ್ಚುತ್ತ ಹೋದವರ ರೀಲುಗಳನ್ನು ನೋಡಿದ್ದೇನೆ. ಚೆನ್ನಾಗಿರುತ್ತವೆ. ಆ ದುಡ್ಡಿಗೆ ಎರಡು ಹೊಸ ರೀಲು ಬರುತ್ತಿತ್ತು.

ದಾರ ಸುತ್ತುವ ಮೊದಲು ಸ್ಪೂಲನ್ನು ಉಗುರಿನಿಂದ ತಟ್ಟಿ ನೋಡಿ. ಲೋಹದ್ದಾದರೆ ಚಿಂತೆಯಿಲ್ಲ. ಪ್ಲಾಸ್ಟಿಕ್ಕಿನದಾದರೆ ಜೋಕೆ, ಕಾರಣ ದಾರದಲ್ಲಿದೆ. ಮೊದಲೆಲ್ಲ ಅಗಸೆನಾರಿನ ದಾರ ಬಳಸುತ್ತಿದ್ದರು, ದಿನದ ಕೊನೆಗೆ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. 1938ರಲ್ಲಿ ಡ್ಯೂಪಾಂಟ್ ಕಂಪನಿ ನೈಲಾನ್ ಪ್ರಕಟಿಸಿದ ಮೇಲೆ ಕಾಲಕ್ರಮೇಣ ಎಲ್ಲರೂ ಒಂಟಿ ಎಳೆಯ ನೈಲಾನಿಗೆ ಬಂದರು. ಅದು ಎಳೆದಾಗ ಹಿಗ್ಗಿ, ಸುತ್ತಿದ ಮೇಲೆ ಕುಗ್ಗುವ ಜಾತಿ. ದೊಡ್ಡ ಮೀನು ಎಳೆದ ರಾತ್ರಿ ಸ್ಪೂಲನ್ನು ಹಿಂಡಿ ಹಿಂಡಿ ಸೀಳಿಬಿಟ್ಟದ್ದುಂಟು. ಪ್ಲಾಸ್ಟಿಕ್ ಇದ್ದರೆ ಲೋಹದ್ದು ಹುಡುಕಿ ಹಾಕಿ, ಹಳೆಯ ಬಿಡಿಭಾಗ ಇನ್ನೂ ಸಿಗುತ್ತವೆ.

30 ಪೌಂಡಿನ ನೈಲಾನ್ ದಾರ ಸಾಕು, 200 ಗಜಕ್ಕೂ ಮಿಕ್ಕಿ ಹಿಡಿಯುತ್ತದೆ. ಹೆಣೆದ ತೆಳು ದಾರ ಬೇಡ. ಅದು ಒಂದು ಸುತ್ತು ಇನ್ನೊಂದರೊಳಗೆ ಹೂತುಕೊಳ್ಳುತ್ತದೆ, ಮುದಿ ಹೆಬ್ಬೆರಳನ್ನು ಕೊಯ್ಯುತ್ತದೆ. ಅಪ್ಪನವರು ದಾರದ ಉಂಡೆಯನ್ನು ಪೆನ್ಸಿಲಿಗೆ ಸಿಕ್ಕಿಸಿ ಹಿಡಿದುಕೊಳ್ಳಲಿ, ನೀವು ಒದ್ದೆ ಬಟ್ಟೆಯಲ್ಲಿ ದಾರ ಬಿಗಿ ಹಿಡಿದು ಸುತ್ತಿ. ಅಂಚಿಗೆ ಎರಡು ಮೂರು ಮಿಲಿಮೀಟರ್ ಬಿಟ್ಟು ನಿಲ್ಲಿಸಿ.

ಡ್ರ್ಯಾಗ್ ಎಷ್ಟು ಬಿಗಿಯಬೇಕು? ದಾರದ ತಾಕತ್ತಿನ ಕಾಲು ಭಾಗ. 30 ಪೌಂಡಿಗೆ ಏಳೂವರೆ, ಅಂದರೆ ಹತ್ತಿರ ಹತ್ತಿರ 3.4 ಕಿಲೊ. ಅಳೆಯುವುದಕ್ಕೆ ಏನೂ ಕೊಳ್ಳಬೇಡಿ. ಊರಿಗೆ ಹೊರಡುವಾಗ 23 ಕಿಲೊ ದಾಟದಿರಲಿ ಎಂದು ಸೂಟ್‌ಕೇಸನ್ನು ಎತ್ತಿ ಎತ್ತಿ ತೂಗುವ ತಕ್ಕಡಿ ಇಲ್ಲದ ಕನ್ನಡದ ಮನೆ ಅಮೆರಿಕದಲ್ಲಿ ಇದೆಯೇ? ದಾರದ ತುದಿಯನ್ನು ಅದಕ್ಕೆ ಕಟ್ಟಿ, ಕೋಲು ಬಾಗಿಸಿ ಎಳೆಯಿರಿ. 3.4 ತೋರಿಸಿದಾಗ ದಾರ ನುಣ್ಣಗೆ ಜಾರಬೇಕು. ಮನೆಗೆ ಬಂದ ಮೇಲೆ ಮರೆಯದೆ ಸಡಿಲಿಸಿಡಿ.

ಈ ರೀಲು ಕೋಲಿನ ಮೇಲುಗಡೆ ಕೂರುತ್ತದೆ. ಏಳೂವರೆ ಎಂಟು ಅಡಿಯ, ತುದಿ ಬಳುಕುವ ಫೈಬರ್ ಗ್ಲಾಸ್ ಕೋಲು ನೋಡಿ. ಜಾರುವ ಗುಂಡು, ಕೆಳಗೊಂದು ತಿರುಗುವ ಕೊಂಡಿ (ಸ್ವಿವೆಲ್), ಗೇಣು ಎರಡು ಗೇಣು ದಪ್ಪ ದಾರ, ಕೊನೆಗೆ ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳ. ಎರೆಗೆ ಕೋಳಿಯ ಈಲಿ ಅಥವಾ ಎರೆಹುಳು. ಕ್ಯಾಟ್‌ಫಿಶ್‌ಗೆ ಮೈಯೆಲ್ಲ ನಾಲಿಗೆ; ಮೀಸೆಯಲ್ಲಷ್ಟೇ ಅಲ್ಲ, ಚರ್ಮದ ಮೇಲೆಲ್ಲ ರುಚಿಮೊಗ್ಗುಗಳಿವೆ, ಕಲಕುನೀರಿನಲ್ಲೂ ಹುಡುಕಿಕೊಂಡು ಬರುತ್ತದೆ. ಮೊದಲು ಪಾರ್ಕಿನ ಹುಲ್ಲಿನ ಮೇಲೆ ಬರಿ ಗುಂಡು ಕಟ್ಟಿ ಎಸೆಯುವುದನ್ನು ರೂಢಿ ಮಾಡಿಸಿ. ಬೀಸಿ ಒಗೆಯುವುದಲ್ಲ, ತೂಗಿ ಬಿಡುವುದು. ಹೆಬ್ಬೆರಳು ದಾರವನ್ನು ಸೋಕಿಯೇ ಇರಲಿ, ಗುಂಡು ನೆಲ ಮುಟ್ಟುತ್ತಲೇ ಒತ್ತಲಿ. ಹತ್ತನೇ ಎಸೆತಕ್ಕೆ ಅವರು ನಿಮಗೆ ಕಲಿಸುತ್ತಾರೆ.

ಕಷ್ಟವಾಗುವುದು ಬೇರೆಡೆ. ನೀರಿಗೆ ಬಿಟ್ಟ ಮೇಲೆ ಸ್ಪೂಲನ್ನು ಸಡಿಲ ಬಿಟ್ಟು, ಪಕ್ಕದ ಕ್ಲಿಕ್ಕರ್ ಗುಂಡಿ ಸರಿಸಿಟ್ಟರೆ, ಮೀನು ಎಳೆದಾಗ ಜೀರುಂಡೆಯಂತೆ ಕಿರ್ರೆನ್ನುತ್ತದೆ. ಆ ಸದ್ದಿಗೆ ನಮ್ಮ ಕಡೆಯವರ ಕೈ ತಾನಾಗಿ ಮೇಲಕ್ಕೆ ಜಗ್ಗುತ್ತದೆ. ಸರ್ಕಲ್ ಗಾಳಕ್ಕೆ ಜಗ್ಗಬಾರದು, ಬಾಯಿಂದ ಜಾರಿ ಬರುತ್ತದೆ. ಹೆಬ್ಬೆರಳಿಟ್ಟು, ಗೇರು ಕಚ್ಚಿಸಿ, ಕ್ಲಿಕ್ಕರ್ ತೆಗೆದು, ನಿಧಾನ ಸುತ್ತುತ್ತ ಹೋದರೆ ಗಾಳ ತಾನೇ ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ. ಅರವತ್ತು ವರ್ಷದ ಅಭ್ಯಾಸ ಬಿಡಿಸುವುದು ನಿಮ್ಮ ಪಾಲಿನ ಕೆಲಸ. ಮುಳ್ಳಿನ ವಿಷಯ ಹೇಳಿಕೊಡಬೇಕಿಲ್ಲ. ಚೇಳುಮೀನು ಹಿಡಿದವರಿಗೆ ಚುಚ್ಚುವ ಮುಳ್ಳು ಹೊಸದಲ್ಲ; ಇಲ್ಲಿನ ಕ್ಯಾಟ್‌ಫಿಶ್‌ಗೆ ಬೆನ್ನಿನಲ್ಲೊಂದು, ಪಕ್ಕದಲ್ಲೆರಡು.

ಎಲ್ಲಿ ಹಾಕುವುದು? ನಿಮ್ಮ ಕನ್ಸಾಸ್ ಸಿಟಿಯ ಪಕ್ಕ ಹರಿಯುವ ಮಿಸ್ಸೌರಿ ನದಿಯೇ ನಮ್ಮೂರಿಗೆ ಬಂದು ಮಿಸ್ಸಿಸಿಪ್ಪಿಗೆ ಸೇರುತ್ತದೆ. ಆ ಸಂಗಮದ ಆಸುಪಾಸು ನೀಲಿ ಕ್ಯಾಟ್‌ಫಿಶ್‌ನ ಸಾಮ್ರಾಜ್ಯ. 2005ರಲ್ಲಿ ಆಲ್ಟನ್ ಬಳಿ 124 ಪೌಂಡಿನದು, 2010ರಲ್ಲಿ ಮಿಸ್ಸೌರಿಯಲ್ಲಿ ಸಂಗಮಕ್ಕೆ ಸಮೀಪದಲ್ಲೇ 130 ಪೌಂಡಿನದು ಸಿಕ್ಕಿ ಎರಡೂ ಆಗ ವಿಶ್ವದಾಖಲೆಯಾದವು. ಮರುವರ್ಷ ವರ್ಜೀನಿಯಾದ ಕೆರೆಯೊಂದರ 143 ಪೌಂಡಿನ ಮೀನು ಆ ಹೆಸರು ಕಸಿದುಕೊಂಡಿತು. 59 ಕಿಲೊ, 65 ಕಿಲೊ ಎಂದರೆ ಅಪ್ಪನವರು ನಂಬಲಿಕ್ಕಿಲ್ಲ. ಆದರೆ ದೊಡ್ಡ ಹೊಳೆ ಮೊದಲ ದಿನಕ್ಕಲ್ಲ, ಅದರ ಸೆಳವು ಕೆಟ್ಟದು. ರಾಜ್ಯದ ಸಂರಕ್ಷಣಾ ಇಲಾಖೆ ಊರೊಳಗಿನ ಪಾರ್ಕುಗಳ ಕೆರೆಗಳಿಗೆ ಚಾನೆಲ್ ಕ್ಯಾಟ್‌ಫಿಶ್ ತಂದು ಬಿಡುತ್ತದೆ. 1997ರಿಂದ ಅದೇ ಮಿಸ್ಸೌರಿಯ ರಾಜ್ಯಮೀನು. ಅಲ್ಲಿ ಒಂದೆರಡು ಕಿಲೊದ್ದು ಹಿಡಿದು ಬೆರಳು ಹದವಾಗಲಿ, ಆಮೇಲೆ ನಾನು ಹೊಳೆಗೆ ಕರೆದೊಯ್ಯುತ್ತೇನೆ. ಸಾರಿಗೂ ಚಿಕ್ಕದೇ ಸರಿ. ದೊಡ್ಡ ಹೊಳೆಯ ಮುದಿ ಮೀನಿನ ಕೊಬ್ಬಿನಲ್ಲಿ ಹಳೆಯ ಕಾರ್ಖಾನೆಗಳ ವಿಷ ಸೇರಿರುತ್ತದೆ, ಅದನ್ನು ಫೋಟೊ ತೆಗೆದು ನೀರಿಗೆ ಬಿಡೋಣ. ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮಂಡಕ್ಕಿ ಹಾಕಿ ಮೀನಿಗೆ ಕೈಮುಗಿದು ಬಂದವರಿಗೆ ಹಿಡಿದದ್ದನ್ನು ಬಿಡುವುದು ಅಷ್ಟೇನೂ ವಿಚಿತ್ರ ಅನ್ನಿಸಲಾರದು.

ಒಂದು ಮಾತು. 65 ದಾಟಿದವರಿಗೆ ಮೀನು ಹಿಡಿಯಲು ಪರ್ಮಿಟ್ ಬೇಡ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ವಿನಾಯಿತಿ ಮಿಸ್ಸೌರಿಯ ನಿವಾಸಿಗಳಿಗೆ ಮಾತ್ರ. ಅಪ್ಪನವರ ಹೆಸರಿನಲ್ಲಿ ಹೊರಗಿನವರ ದಿನದ ಪರ್ಮಿಟ್ ತೆಗೆಸಿ. ಜೂನಿನ ಯಾವ ಶನಿವಾರವಾದರೂ ಸರಿ, ನಮ್ಮಲ್ಲಿಗೆ ಬನ್ನಿ. ನಾಲ್ಕು ತಾಸಿನ ದಾರಿ, ಬೆಳಿಗ್ಗೆ ಬೇಗ ಹೊರಡಿ. ಬಿಚ್ಚಿದ ರೀಲು ಮತ್ತೆ ಕೂಡದಿದ್ದರೆ ತುಂಡುಗಳನ್ನು ಪಂಚೆಯ ಸಮೇತ ಗಂಟು ಕಟ್ಟಿ ತನ್ನಿ, ಇಲ್ಲಿ ಕೂರಿಸೋಣ. ಅಪ್ಪನವರು ಊರಿಂದ ತಂದ ವಾಟೆಹುಳಿ ಇನ್ನೂ ಉಳಿದಿದ್ದರೆ ಅದನ್ನೂ ಒಂದು ಹಿಡಿ.

ನಿಮ್ಮ ಗೆಳೆಯ