ಒಂದೂವರೆ ಅಡಿಯ ಪದ

ಡಿಗ್ರಿ ಮೊದಲ ವರ್ಷ. ಇಂಗ್ಲಿಷ್ ಕ್ಲಾಸಿನಲ್ಲಿ ಪಾಠ ಓದಲು ನನ್ನನ್ನು ಎಬ್ಬಿಸಿದರು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ನಾಲ್ಕನೇ ಸಾಲಿನಲ್ಲಿ 'ಸೆಸ್ಕ್ವಿಪಿಡೇಲಿಯನ್' ಕಾದು ಕುಳಿತಿತ್ತು. ಹೆದರುತ್ತಲೇ ತುಂಡು ಮಾಡಿ 'ಸೆಸ್ಕ್ವಿ-ಪೆಡ್-ಆಲ್-ಇಯನ್' ಎಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರೂ ನಕ್ಕರು, ಸರಿಯಾದ ಉಚ್ಚಾರ ಹೇಳಿ ಮುಂದಕ್ಕೆ ಹೋದರು. ಅರ್ಥ ಹೇಳಲಿಲ್ಲ. ಆ ವರ್ಷವಿಡೀ ನಾನು ಆ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಎಷ್ಟೋ ವರ್ಷದ ಮೇಲೆ ನಿಘಂಟು ತೆರೆದೆ. ಉದ್ದುದ್ದ ಪದಗಳಿಂದ ಕೂಡಿದ, ಅಂಥ ಪದ ಬಳಸುವ ಚಟವಿರುವ ಎಂದು ಅರ್ಥ. ಲ್ಯಾಟಿನ್ನಿನಲ್ಲಿ 'ಸೆಸ್ಕ್ವಿ' ಎಂದರೆ ಒಂದೂವರೆ, 'ಪೆಡ್' ಎಂದರೆ ಪಾದ. ಸಂಸ್ಕೃತದಿಂದ ನಮಗೆ ಬಂದ 'ಪಾದ'ಕ್ಕೂ ಅದಕ್ಕೂ ಬೇರು ಒಂದೇ. 'ಆಲ್', 'ಇಯನ್' ಗುಣವಾಚಕ ಮಾಡುವ ಪ್ರತ್ಯಯಗಳು. ಅಲ್ಲಿಗೆ, ಒಂದೂವರೆ ಅಡಿ ಉದ್ದದ್ದು! ರೋಮಿನ ಕವಿ ಹೊರೇಸ್ ತನ್ನ 'ಆರ್ಸ್ ಪೊಯೆಟಿಕಾ'ದಲ್ಲಿ ಇಂಥ ಪದಗಳನ್ನು ಹೀಗೆ ಅಳೆದಿದ್ದಾನೆ. ಬಡತನಕ್ಕೆ, ದೇಶಭ್ರಷ್ಟತೆಗೆ ಸಿಕ್ಕ ನಾಯಕ ಪ್ರೇಕ್ಷಕರ ಎದೆ ಮುಟ್ಟಬೇಕಾದರೆ ಅವನ್ನು ಬಿಟ್ಟುಬಿಡುತ್ತಾನೆ ಎಂಬುದು ಅವನ ಮಾತು.

ಅಂದರೆ ಅರ್ಥದ ಕೀಲುಗಳಲ್ಲಿ ನಾನು ಸರಿಯಾಗಿಯೇ ಬಿಡಿಸಿದ್ದೆ. ಆದರೆ ನಾಲಿಗೆ ಆ ಕೀಲುಗಳಲ್ಲಿ ನಿಲ್ಲುವುದಿಲ್ಲ. ಅದು ಹೇಳುವುದು 'ಸೆಸ್-ಕ್ವಿ-ಪಿ-ಡೇ-ಲಿ-ಯನ್'. 'ಪೆಡ್'ನ ಕೊನೆಯ 'ಡ್' ಮುಂದಿನ ಸ್ವರಕ್ಕೆ ಹಾರಿ 'ಡೇ' ಆಯಿತು. ಪಾದ ನಡುವೆಯೇ ಮುರಿಯಿತು. ಒತ್ತೆಲ್ಲ 'ಡೇ' ಮೇಲೆ ಬಿದ್ದು, ಬಡಪಾಯಿ 'ಪೆ' ಸೊರಗಿ 'ಪಿ' ಆಯಿತು. 'ಇಯನ್' ಬಂದಾಗ ಒತ್ತು ಸಾಮಾನ್ಯವಾಗಿ ಅದರ ಹಿಂದಿನ ಉಚ್ಚಾರಾಂಶಕ್ಕೆ ಸರಿಯುತ್ತದೆ. 'ಕಾಮಿಡಿ'ಯಲ್ಲಿ ಮೊದಲಿಗಿದ್ದ ಒತ್ತು 'ಕಮೀಡಿಯನ್' ಆದಾಗ 'ಮೀ'ಗೆ ಜಾರುವುದು ಹೀಗೆಯೇ. ಇದನ್ನು ಅಂದೇ ಯಾರಾದರೂ ಹೇಳಿದ್ದರೆ!

ಕನ್ನಡದಲ್ಲಿ ಇದೇನು ಹೊಸದೇ? 'ಮಾತು' ಮತ್ತು 'ಇಲ್ಲ' ಸೇರಿ 'ಮಾತಿಲ್ಲ'. ಲೋಪಸಂಧಿ, ಹೈಸ್ಕೂಲಿನಲ್ಲೇ ಬಾಯಿಪಾಠ. ಹೇಳುವಾಗ 'ಮಾ-ತಿಲ್-ಲ'. ಮಾತಿನ 'ತ್' ಆ ಕಡೆಯ 'ಇಲ್ಲ'ದೊಳಗೆ ಹೋಗಿರುತ್ತದೆ. ಅದಕ್ಕೆ ಯಾರೂ ನಗುವುದಿಲ್ಲ, ಅದು ನಮ್ಮ ಬಾಯಿಯದೇ ಕೆಲಸ.

ಒಂದು ಸಂಜೆ ಸುಮ್ಮನೆ ಆ ಪದಕ್ಕೆ ಪ್ರಸ್ತಾರ ಹಾಕಿದೆ. ಬರೆಯುವಾಗ 'ಸ್ಕ್ವಿ' ಒಂದೇ ಅಕ್ಷರ. ಆ ಒತ್ತಕ್ಷರದ ಹಿಂದಿದೆಯೆಂದು 'ಸೆ' ಗುರು. ಗುರು, ಲಘು, ಲಘು, ಗುರು, ಲಘು, ಗುರು: ಒಂಬತ್ತು ಮಾತ್ರೆ. ಇಂಗ್ಲಿಷ್ ವ್ಯಾಕರಣಕ್ಕೆ ಇದರಿಂದ ಉಪಯೋಗವೇನೂ ಇಲ್ಲ, ನನಗೆ ಮಾತ್ರ ಆ ಪದದ ಭಯ ಹೋಯಿತು.

ಈಗ ನಾನೇ ಮೇಷ್ಟ್ರು. ಕಳೆದ ವಾರ ಹುಡುಗಿಯೊಬ್ಬಳು 'ಕಾಮಿಡಿ-ಯನ್' ಎಂದು ಓದಿದಳು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ನಾನು ಬೋರ್ಡಿನ ಮೇಲೆ ಎರಡು ಸಾಲು ಬರೆದೆ, ಮೇಲೆ ಅರ್ಥದ ತುಂಡುಗಳು, ಕೆಳಗೆ ಉಚ್ಚಾರದ ತುಂಡುಗಳು. "ಇವಳು ಓದಿದ್ದು ಮೇಲಿನ ಸಾಲು" ಎಂದೆ. ಅವಳು ಕೂತುಕೊಳ್ಳಲಿಲ್ಲ, ಕೆಳಗಿನ ಸಾಲನ್ನೂ ಓದಿದಳು.