ಬ್ಯಾಗಲ್ಲೊಂದು ರಿವಾಲ್ವರ್

ರಾತ್ರಿ ಹನ್ನೊಂದರ ಮೇಲೆ ಆಫೀಸ್ ಬಿಡೋ ಹುಡುಗಿಯರಿಗೆ ಗೊತ್ತು, ಎಷ್ಟೇ ಸುಸ್ತಾಗಿದ್ರೂ ಕ್ಯಾಬಿನಲ್ಲಿ ಕಣ್ಣು ಮುಚ್ಚಕ್ಕಾಗಲ್ಲ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಹುಡುಗಿಯನ್ನ ಕ್ಯಾಬ್ ಡ್ರೈವರೊಬ್ಬ ಕೊಂದ ಸುದ್ದಿ ನಮ್ಮ ಗೊರೂರಲ್ಲಿ ಇನ್ನೂ ಹಳೇದಾಗಿಲ್ಲ.

ಅದಕ್ಕೇ ರಿವಾಲ್ವರ್ ಹುಡುಕೋಕೆ ಕೂತೆ. ಸಿಕ್ಕಿದ್ದು ‘ನಿರ್ಭೀಕ್’. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ತಂದದ್ದು. .32 ಬೋರ್, ಬರೀ ಅರ್ಧ ಕೆಜಿ, ವ್ಯಾನಿಟಿ ಬ್ಯಾಗಲ್ಲಿ ಕೂರುತ್ತೆ. ಆಗ ಅದನ್ನ ಕೊಡ್ತಿದ್ದದ್ದು ಒಡವೆ ಪೆಟ್ಟಿಗೆಯಂಥದ್ದರಲ್ಲಂತೆ (ಹೆಂಗಸರು ಅಂದ್ರೆ ಒಡವೆ, ಇನ್ನೇನು!). ಆಗಿನ ಬೆಲೆ 1.22 ಲಕ್ಷ.

ಲೈಸೆನ್ಸ್ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅರ್ಜಿ, ಪೊಲೀಸ್ ವರದಿ, ಓಡಾಟ. ಬೆಳೆ ಕಾಯೋಕೆ ಕೋವಿ ಇಟ್ಟವರೇ ಎಲೆಕ್ಷನ್ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕು.

ಅದೆಲ್ಲ ಆದರೂ ಇಡೋದೆಲ್ಲಿ? ನಮ್ಮ ಆಫೀಸ್ ಗೇಟಲ್ಲಿ ದಿನಾ ಬ್ಯಾಗ್ ಸ್ಕ್ಯಾನ್ ಮಾಡ್ತಾರೆ. ಅಂದ್ರೆ ಅದು ರೂಮಲ್ಲೇ ಇರಬೇಕು, ನಾನು ಕ್ಯಾಬಲ್ಲಿರಬೇಕು. ಭಯ ಇರೋ ಆ ಮುಕ್ಕಾಲು ಗಂಟೆಗೇ ಅದು ಸಿಗಲ್ಲ! ಸಿಕ್ಕರೂ, ಕತ್ತಲಲ್ಲಿ ಚಾರ್ಜರ್, ಬೀಗದ ಕೈ, ಟಿಫನ್ ಡಬ್ಬಿ ಸರಿಸಿ ತೆಗೆಯೋದ್ರೊಳಗೆ...

ಸದ್ಯಕ್ಕೆ ಫೋನಲ್ಲಿ 112, ಲೈವ್ ಲೊಕೇಶನ್, ಇಷ್ಟೇ.

ಅಮ್ಮನಿಗೆ ಬೆಲೆ ಹೇಳಿದೆ. “ಅಷ್ಟು ದುಡ್ಡಿಗೆ ಎರಡು ಹಸ ಬತ್ತವೆ ಕಣವ್ವ” ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಂತಲ್ಲಿ ಕೊಡ್ತಾರಾ ಕೇಳು.”